ಮೋಸನೈಟು

ಆ ಹೆಸರನ್ನು ನಮ್ಮ ಮನೆಯಲ್ಲಿ ಕೆಡಿಸಿದವರು ಅಜ್ಜಿ. ಬೇಕೆಂದೇ ಕೆಡಿಸಿದ್ದಲ್ಲ. ಬಾಯೊಳಗಿನ ಹಲ್ಲಿನ ಸೆಟ್ಟು ಹೊಸದು, ಒಸಡಿಗೆ ಇನ್ನೂ ಒಗ್ಗಿರಲಿಲ್ಲ. ಉದ್ದದ ಮಾತುಗಳೆಲ್ಲ ಅರ್ಧ ದಾರಿಯಲ್ಲಿ ಜಾರಿಬಿಡುತ್ತಿದ್ದವು. ಆ ಸೆಟ್ಟು ಮಾಡಿಕೊಟ್ಟವಳು ನನ್ನ ನಾದಿನಿ. ಹಲ್ಲಿನ ಡಾಕ್ಟರುಗಳು ರೋಗಿಗಳಿಗೆ ಕಟ್ಟಿಸುವ ಹಲ್ಲುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮನೆಯಲ್ಲಿ ಅವಳನ್ನು ಕರೆಯುವುದು ಮೊಂಡಿ ಎಂದು. ಹಸುಗೂಸಾಗಿದ್ದಾಗ ಹಾಲಿನ ಬಾಟಲಿ ಬದಲಾದರೆ ಬಾಯಿಯೇ ತೆರೆಯುತ್ತಿರಲಿಲ್ಲವಂತೆ. ಹೆಸರು ಆಗ ಅಂಟಿಕೊಂಡದ್ದು, ಅದನ್ನು ಸುಳ್ಳು ಮಾಡುವ ಗೋಜಿಗೆ ಅವಳು ಇದುವರೆಗೆ ಹೋಗಿಲ್ಲ.

ಅವತ್ತು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು: ಅಜ್ಜಿ, ಅಜ್ಜಿಯ ಮಗನಾದ ನನ್ನ ಮಾವ, ಅತ್ತೆ, ನನ್ನ ಗಂಡ, ಮೊಂಡಿ. ನಾನು ಬಡಿಸುತ್ತಿದ್ದೆ. ಮೊಂಡಿ ಅನ್ನದಲ್ಲಿ ಬೇಳೆ ಕಲಸುತ್ತಲೇ, ನಿಶ್ಚಿತಾರ್ಥದ ಉಂಗುರದ ಕಲ್ಲು ಆರಿಸಿ ಆಯಿತು, ಹುಡುಗ ಮುಂಗಡ ಕೊಟ್ಟೂ ಬಂದ ಎಂದಳು. ಅತ್ತೆಯ ಮುಖ ಅರಳಿತು.

"ವಜ್ರ ತಾನೆ?" ಎಂದರು.

"ಅಲ್ಲ. ಮೊಯ್ಸನೈಟ್."

"ಅಂದ್ರೆ?"

"ಅದೂ ಒಂದು ಕಲ್ಲು. ಲ್ಯಾಬಲ್ಲಿ ಬೆಳೆಸ್ತಾರೆ. ವಜ್ರದ ಥರಾನೇ ಗಟ್ಟಿ, ಅದಕ್ಕಿಂತ ಜಾಸ್ತಿ ಹೊಳೆಯತ್ತೆ, ಬೆಲೆ ಎಷ್ಟೋ ಕಡಿಮೆ."

ಅಜ್ಜಿ ಮೊಮ್ಮಗಳ ನೆರವಿಗೆ ಬರಲು ಹೊರಟರು. ಚೆನ್ನಾಗಿ ಹೊಳೆದರೆ ಸಾಕಲ್ಲ, ಯಾವ ನೈಟಾದರೇನು ಎನ್ನುವುದು ಅವರ ಮಾತಿನ ತಾತ್ಪರ್ಯ. ಆದರೆ ಬಾಯಿಂದ ಬಂದದ್ದು ಹೀಗೆ: "ಮೋಸನೈಟಾದ್ರೆ ಏನೀಗ?"

ಅತ್ತೆ ತಟ್ಟೆಯಿಂದ ಕೈ ತೆಗೆದರು. "ಕೇಳಿಸಿಕೊಂಡ್ರಾ?" ಎಂದು ಮಾವನ ಕಡೆ ತಿರುಗಿದರು. "ಹೆಸರಲ್ಲೇ ಮೋಸ ಇದೆ. ಮರೆಮಾಚೋ ನಾಚಿಕೇನೂ ಇಲ್ಲ ಅದಕ್ಕೆ."

ನನ್ನ ಗಂಡನಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ಮೊಂಡಿ ನಗಲಿಲ್ಲ. ಅಂದಿನಿಂದ ಆ ಕಲ್ಲಿಗೆ ನಮ್ಮ ಮನೆಯಲ್ಲಿ ಬೇರೆ ಹೆಸರು ಉಳಿಯಲಿಲ್ಲ. ಸುಮಾರು ಎರಡು ತಿಂಗಳು ನಾನು ಆ ಹೆಸರನ್ನು ಒಲೆಯ ಮುಂದೆ, ನಲ್ಲಿಯ ಕೆಳಗೆ, ಬಟ್ಟೆ ಒಣಹಾಕುವ ಹಗ್ಗದ ಹತ್ತಿರ, ಬಚ್ಚಲ ಬಾಗಿಲಿನ ಎರಡೂ ಕಡೆಯಿಂದ ಕೇಳಿದ್ದೇನೆ. ಇನ್ನೊಂದು ಜನ್ಮಕ್ಕೂ ಸಾಕು.

ಹುಡುಗನ ವಿಷಯ ಹೇಳಿಬಿಡುತ್ತೇನೆ. ಅವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ನಿಂತುಹೋದರೆ ಹೋಗಿ ಸರಿಮಾಡುವವನು. ಅತ್ತೆ ಅವನನ್ನು ಬೆನ್ನ ಹಿಂದೆ ಲಿಫ್ಟಿನವನು ಎನ್ನುತ್ತಿದ್ದರು, ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಕೆಟ್ಟವನೆಂದಲ್ಲ. ಕಷ್ಟಪಟ್ಟು ದುಡಿಯುತ್ತಾನೆ, ಮಾತು ಕಡಿಮೆ, ನಮ್ಮ ಮನೆಗೆ ಬಂದರೆ ಬಾಗಿಲ ಕೀಲು ಕಿರುಗುಟ್ಟಿದ್ದು ಕೇಳಿ ತಾನಾಗಿಯೇ ಎಣ್ಣೆ ಬಿಡುತ್ತಾನೆ. ಅವನೂ ಮೊಂಡಿಯೂ ಎಷ್ಟೋ ಭಾನುವಾರ ಅಂಗಡಿ ಅಂಗಡಿ ಸುತ್ತಿ, ವಜ್ರವನ್ನೂ ಈ ಕಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡಿ, ಕೊನೆಗೆ ಇದನ್ನೇ ಆರಿಸಿದ್ದರು. ಉಳಿದ ಹಣದಲ್ಲಿ ಬಾಡಿಗೆ ಮನೆಯ ಮುಂಗಡ ಕಟ್ಟಬಹುದು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಮೊಂಡಿ ಮತ್ತೆ ಮತ್ತೆ ಹೇಳಿದಳು, ನಮ್ಮ ಮನೆಯಲ್ಲಿ ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವಳಿಗೆ ಅದು ಇಷ್ಟವಾಗಿತ್ತು.

ಅತ್ತೆಗೆ ಇಷ್ಟಾನಿಷ್ಟದ ಪ್ರಶ್ನೆಯೇ ಅಲ್ಲ. ಅವರ ಎದೆಯಲ್ಲಿ ಕೂತಿದ್ದವರು ದೊಡ್ಡಮ್ಮ, ಅಂದರೆ ಅತ್ತೆಯ ಸ್ವಂತ ಅಕ್ಕ. ದೊಡ್ಡಮ್ಮನ ಮಗಳಿಗೆ ಹಿಂದಿನ ವರ್ಷ ವಜ್ರದುಂಗುರ ಬಿದ್ದಿತ್ತು. ಆ ಉಂಗುರವನ್ನು ದೊಡ್ಡಮ್ಮ ಫೋನಿನಲ್ಲಿ ತೋರಿಸಿದ ಪರಿಗೆ, ಅದು ನಮ್ಮ ಬೆರಳಲ್ಲೇ ಇದೆಯೇನೋ ಎನ್ನಿಸುವಷ್ಟು ಪರಿಚಯವಾಗಿಹೋಗಿತ್ತು.

"ಅಕ್ಕ ಕೇಳಿದ್ರೆ ನಾನು ಏನಂತ ಹೇಳ್ಲಿ?" ಎಂದು ಅತ್ತೆ.

"ಮೊಯ್ಸನೈಟ್ ಅಂತ ಹೇಳು," ಎಂದು ಮೊಂಡಿ.

"ನಕಲಿ ಅಂತ ಹೇಳು ಅಂತೀಯ."

"ನಕಲಿ ಅಲ್ಲಮ್ಮ. ವಜ್ರ ಅಂತ ಹೇಳಿಕೊಂಡು ತಿರುಗಿದ್ರೆ ನಕಲಿ. ಅದು ತನ್ನ ಹೆಸರನ್ನೇ ಹೇಳ್ಕೋತಿದೆಯಲ್ಲ."

"ಹೇಳ್ಕೋತಿದೆ, ಮೋಸ ಅಂತ."

ಇದು ಬೆಳಗಿನ ತಿಂಡಿಯ ಹೊತ್ತಿನ ಜಗಳ. ಸಂಜೆಯದು ಬೇರೆ. ಸಂಜೆ ಮೊಂಡಿ ಅಜ್ಜಿಯ ಬಾಯಿ ತೋರಿಸಿ ವಾದಿಸುತ್ತಿದ್ದಳು. ಅಜ್ಜಿಯ ಹಲ್ಲು ಕಟ್ಟಿಸಿದ್ದು ಎಂದು ಅಜ್ಜಿ ಊಟ ಬಿಟ್ಟಿದ್ದಾರಾ, ನೋಡಿದವರು ಛೀ ಅಂದಿದ್ದಾರಾ ಎಂದು ಕೇಳುತ್ತಿದ್ದಳು. ಅಜ್ಜಿ ಕೂಡಲೇ ಸಾಕ್ಷಿಗಾಗಿ ಸೆಟ್ಟನ್ನು ಹೊರತೆಗೆಯಲು ಹೋಗುತ್ತಿದ್ದರು, ಊಟದ ಹೊತ್ತಲ್ಲಿ ಬೇಡ ಎಂದು ನಾನು ಕೈ ಮುಗಿಯುತ್ತಿದ್ದೆ. ಮಾವ ಶಾಲೆಯ ವ್ಯಾನು ಓಡಿಸುತ್ತಾರೆ. ದನಿ ಏರಿದ ಕೂಡಲೇ ಅವರಿಗೆ ವ್ಯಾನು ತೊಳೆಯುವುದು ನೆನಪಾಗುತ್ತಿತ್ತು. ಆ ತಿಂಗಳು ನಮ್ಮ ಬೀದಿಯಲ್ಲಿ ಅಷ್ಟು ಫಳಫಳ ಹೊಳೆಯುವ ವಾಹನ ಇನ್ನೊಂದಿರಲಿಲ್ಲ. ನನ್ನ ಗಂಡ ಗೋದಾಮಿನಿಂದ ಬಂದು, ಇವತ್ತು ಯಾರು ಗೆದ್ದರು ಎಂದು ನನ್ನನ್ನು ಕೇಳಿ, ನಾನು ಉತ್ತರ ಕೊಡುವ ಮೊದಲೇ ಟೀವಿ ಹಾಕುತ್ತಿದ್ದ. ನಾನು ಬೆಳಿಗ್ಗೆಯೆಲ್ಲ ಕೊರಿಯರ್ ಆಫೀಸಿನಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸಿ, ಮಧ್ಯಾಹ್ನ ಬಂದು ಇವರೆಲ್ಲರಿಗೆ ಬೇಯಿಸಬೇಕು. ಜಗಳ ಮಾಡುವವರಿಗೆ ಹಸಿವು ಬೇರೆ ಜಾಸ್ತಿ.

ಅತ್ತೆಯ ಕೆಲಸದ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಆಲ್ಟರೇಷನ್ನೇ ಹೆಚ್ಚು. ಸಡಿಲ ಬಿಗಿ ಮಾಡುವುದು, ಉದ್ದ ಮೋಟು ಮಾಡುವುದು, ಜಿಪ್ಪು ಬದಲಾಯಿಸುವುದು. ಕೈ ಬಹಳ ಚೆನ್ನಾಗಿದೆ. ಆದರೆ ಒಂದು ಚಾಳಿ. ಯಾರಾದರೂ ಪ್ಯಾಂಟಿನ ಅಂಚು ಮಡಿಚಲು ಕೊಟ್ಟು ಹೋದರೆ, ಜಿಪ್ಪು ಅಗ್ಗದ್ದು ಎಂದು ಕಂಡರೆ ಸಾಕು, ಕೇಳದೆಯೇ ಕಿತ್ತು ಒಳ್ಳೆಯ ಜಿಪ್ಪು ಹಾಕಿಬಿಡುತ್ತಾರೆ. ಗುಂಡಿ ತೆಳುವಾಗಿದ್ದರೆ ದಪ್ಪ ಗುಂಡಿ. ಅದಕ್ಕೆ ಬೇರೆ ಹಣವನ್ನೂ ಕೇಳುವುದಿಲ್ಲ. ಗಿರಾಕಿಗಳು ಖುಷಿಯಾಗುತ್ತಾರೆ, ಅತ್ತೆ ಹಿಗ್ಗುತ್ತಾರೆ. ಇನ್ನೊಂದು ನಿಯಮವೂ ಉಂಟು: ಕಿತ್ತ ಜಿಪ್ಪಾಗಲಿ ಗುಂಡಿಯಾಗಲಿ ಒಂದನ್ನೂ ಇಟ್ಟುಕೊಳ್ಳುವುದಿಲ್ಲ. ಪುಟ್ಟ ಬಟ್ಟೆಚೂರಿನಲ್ಲಿ ಕಟ್ಟಿ ಆ ಉಡುಪಿಗೇ ಸೇರಿಸಿ ಕೊಡುತ್ತಾರೆ. ಗಿರಾಕಿಯ ವಸ್ತು ಗಿರಾಕಿಗೆ ಹೋಗಬೇಕು ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ.

ಉಂಗುರ ಬಂತು. ಬಿಳಿ ಬಂಗಾರದ ತೆಳು ಸುತ್ತು, ನಾಲ್ಕು ಸಣ್ಣ ಕಾಲುಗಳು ಹಿಡಿದ ಒಂದೇ ಕಲ್ಲು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಯುರಿಯಿತು. ಅಡುಗೆಮನೆಯ ಮಂಕು ಬಲ್ಬಿನ ಕೆಳಗೆ ಕೂಡ ಅದು ಗೋಡೆಯ ಮೇಲೆಲ್ಲ ಬಣ್ಣ ಚೆಲ್ಲಿತು. ಮೊಂಡಿ ಲ್ಯಾಬಿನಿಂದ ತಂದ ಭೂತಗನ್ನಡಿ ಹಿಡಿದು ಕೂತಲ್ಲಿ ನಿಂತಲ್ಲಿ ಅದನ್ನೇ ನೋಡುತ್ತಿದ್ದಳು. ಕುಕ್ಕರು ಕೂಗಿದರೂ ಏಳುತ್ತಿರಲಿಲ್ಲ. ಒಂದೇ ಒಂದು ತೊಂದರೆ, ಬೆರಳಿಗೆ ಸಡಿಲ. ಹಲ್ಲಿನ ಅಚ್ಚು ತೆಗೆಯಲು ದಿನವಿಡೀ ಪ್ಲಾಸ್ಟರಿನಲ್ಲಿ ಕೈಯಾಡಿಸುವವಳ ಬೆರಳು, ಅಂಗಡಿಯಲ್ಲಿ ಅಳತೆ ಕೊಟ್ಟ ದಿನ ಊದಿಕೊಂಡಿತ್ತೋ ಏನೋ.

ಆಗ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು. "ಕೊಡು ಇಲ್ಲಿ. ನಮ್ಮ ಬೀದಿ ತುದಿಯ ಚಿನ್ನದ ಕೆಲಸದವನು ನನ್ನ ಗಿರಾಕಿ. ಬಿಗಿ ಮಾಡಿಸಿಕೊಂಡು ಬರ್ತೀನಿ."

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಮೊಂಡಿಗೆ ಕಣ್ಣಲ್ಲಿ ನೀರೇ ಬಂತು. ಅಮ್ಮ ಕೊನೆಗೂ ಕರಗಿದಳು ಎಂದು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. ನಾನೂ ನಂಬಿದೆ. ಆ ಸಂಜೆ ಬಹಳ ದಿನಗಳ ಮೇಲೆ ಎಲ್ಲರೂ ನಗುತ್ತಾ ಉಂಡರು, ನಾನು ಮೊಟ್ಟೆ ಪಲ್ಯ ಎರಡನೇ ಸಲ ಮಾಡಬೇಕಾಯಿತು.

ಅದೇ ವಾರ ಮುಂದಿನ ಕೋಣೆಯಲ್ಲಿ ಓವರ್‌ಲಾಕ್ ಮೆಷಿನ್ ಕಾಣಲಿಲ್ಲ. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಮೆಷಿನ್ ಅದು, ಅತ್ತೆಯ ಬಲಗೈ ಅನ್ನಬೇಕು. ಕೇಳಿದರೆ ರಿಪೇರಿಗೆ ಹೋಗಿದೆ ಎಂದರು. ಅದಿಲ್ಲದೆ ಅಂಚುಗಳನ್ನೆಲ್ಲ ಕೈಯಲ್ಲೇ ಹೊಲಿಯುತ್ತಾ, ಕತ್ತು ನೋಯುತ್ತದೆ ಎಂದು ನನ್ನ ಕೈಲಿ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದರು. ಅದರ ನಡುವೆಯೇ ಮೊಂಡಿಯ ನಿಶ್ಚಿತಾರ್ಥದ ತಿಳಿಹಸಿರು ಗೌನನ್ನೂ ಹೊಲಿದು ಮುಗಿಸಿದರು. ಎಷ್ಟು ಚೆನ್ನಾಗಿ ಹೊಲಿದಿದ್ದರು ಎಂದರೆ, ಅಜ್ಜಿ ಅದನ್ನು ಮುಟ್ಟಿ ಮುಟ್ಟಿ ನೋಡಿ ಬೈಸಿಕೊಂಡರು.

ಉಂಗುರ ವಾಪಸು ಬಂತು. ಮೊಂಡಿ ಕೆಲಸದಿಂದ ಬಂದವಳು ಕೈ ಒರೆಸಿಕೊಂಡು ಹಾಕಿಕೊಂಡಳು. ಬೆರಳಿಗೆ ಹೊಲಿದಂತೆ ಕೂತಿತು. ಥ್ಯಾಂಕ್ಸ್ ಅಮ್ಮ ಎನ್ನಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಉಂಗುರವನ್ನು ಕಿಟಕಿಯ ಕಡೆ ಹಿಡಿದಳು. ಚೀಲದಿಂದ ಭೂತಗನ್ನಡಿ ತೆಗೆದಳು. ಅತ್ತೆ ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಅಮ್ಮ. ಇದು ನನ್ನ ಕಲ್ಲಲ್ಲ."

"ನಿಂದಲ್ಲದೆ ಬೀದೀಲಿ ಹೋಗೋರದ್ದಾ?"

"ನನ್ನ ಕಲ್ಲನ್ನ ಓರೆ ಮಾಡಿದ್ರೆ ಒಳಗಿನ ಗೆರೆಗಳು ಜೋಡಿ ಜೋಡಿ ಕಾಣತ್ತೆ. ಇದ್ರಲ್ಲಿ ಒಂಟಿ. ಬಣ್ಣಾನೂ ಬೇರೆ, ಟೀ ಕುಡಿಯೋರ ಹಲ್ಲಿನ ಬಣ್ಣ ಇದು. ನಾನು ದಿನಾ ನೋಡೋದೇ ಅದನ್ನ ಅಮ್ಮ, ನನಗೆ ಗೊತ್ತಾಗಲ್ವಾ? ಅಂಗಡಿಯವನು ನಿನಗೆ ಟೋಪಿ ಹಾಕಿದ್ದಾನೆ, ನಡಿ ಹೋಗಿ ಕೇಳೋಣ."

ಅಂಗಡಿಯವನ ಮೇಲೆ ಕಳ್ಳತನ ಬರುವುದನ್ನು ಅತ್ತೆಗೆ ನೋಡಲಾಗಲಿಲ್ಲ, ಗಿರಾಕಿ ಬೇರೆ. ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಹೇಳಿಬಿಟ್ಟರು. ಅವನದೇನೂ ತಪ್ಪಿಲ್ಲ, ನಾನೇ ಹೇಳಿ ಹಾಕಿಸಿದ್ದು. ಅದು ವಜ್ರ. ಅಪ್ಪಟ ವಜ್ರ.

ಅತ್ತೆಗೆ ನಾವು ಬೆರಗಾದೆವು ಅನ್ನಿಸಿರಬೇಕು, ಹುರುಪಿನಿಂದ ಮುಂದುವರಿಸಿದರು. "ಅವನ ಹತ್ರ ಒಂದು ಕಡ್ಡಿ ಥರದ ಯಂತ್ರ ಇದೆ. ನಿನ್ನ ಕಲ್ಲಿಗೆ ಮುಟ್ಟಿಸಿದ, ಕೀಂ ಅಂತು. ವಜ್ರಕ್ಕೆ ಮುಟ್ಟಿಸಿದ್ರೂ ಕೀಂ ಅನ್ನತ್ತಂತೆ. ಯಂತ್ರಕ್ಕೇ ಮೋಸ ಮಾಡೋ ಕಲ್ಲು ಅದು. ಅಂಥದ್ದನ್ನ ಬೆರಳಿಗೆ ಹಾಕ್ಕೊಂಡು ನೀನು ಸಂಸಾರ ಶುರು ಮಾಡ್ತೀಯ?"

"ದುಡ್ಡು ಎಲ್ಲಿಂದ ಬಂತು?" ಎಂದು ಮಾವ ಕೇಳಿದರು. ಅಷ್ಟು ವಾರಗಳಲ್ಲಿ ಅವರು ಜಗಳದ ನಡುವೆ ಬಾಯಿ ಹಾಕಿದ್ದು ಅದೊಂದೇ ಸಲ. ಅತ್ತೆ ಮುಂದಿನ ಕೋಣೆಯ ಕಡೆ ನೋಡಿದರು. ಓವರ್‌ಲಾಕ್ ಮೆಷಿನ್ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬಿಳಿ ಗುರುತುಗಳಿದ್ದವು. ಪೇಟೆಯ ಒಬ್ಬ ಟೈಲರಿಗೆ ಮಾರಿದ್ದರು. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ದಿನಾ ಮುಲಾಮು ಹಚ್ಚಿದವಳು ನಾನು.

ಮೊಂಡಿ ಉಂಗುರ ಕಳಚಿ ಊಟದ ಮೇಜಿನ ಮೇಲಿಟ್ಟಳು. "ಇದನ್ನ ಅವನು ನನಗೆ ಕೊಟ್ಟಿಲ್ಲ. ಅವನು ಕೊಟ್ಟಿದ್ದು ಬೇರೆ. ನಾಳೆ ಅವನ ಮುಂದೆ ಇದನ್ನ ಹಾಕ್ಕೊಂಡು ನಿಂತ್ರೆ, ನೀನು ಕೊಟ್ಟಿದ್ದು ಸಾಲಲಿಲ್ಲ ಕಣೋ ಅಂತ ಮುಖಕ್ಕೆ ಹೇಳಿದ ಹಾಗೆ. ನನ್ನ ಕಲ್ಲು ಸಿಗೋವರೆಗೂ ನಿಶ್ಚಿತಾರ್ಥ ಇಲ್ಲ."

"ಮೇಲ್ದರ್ಜೇದು ಹಾಕ್ಸಿದ್ದು ತಪ್ಪಾ?"

"ಕೇಳಿದ್ಯಾ ನನ್ನ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ವಾ?"

ಅತ್ತೆಗೆ ಸಿಟ್ಟು ಬಂತು. ಕಲ್ಲು ಎಲ್ಲಿ ಎಂದು ಮೊಂಡಿ ಕೇಳಿದಳು. "ನಿನ್ನ ವಸ್ತು ನಿನ್ನ ಹತ್ರಾನೇ ಇದೆ," ಎಂದು ಹೇಳಿ ಅತ್ತೆ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಆಮೇಲೆ ಎಷ್ಟು ಕೇಳಿದರೂ ಅದೇ ಮಾತು. ಮೊಂಡಿ ಅದನ್ನು ಕುಹಕ ಎಂದುಕೊಂಡು ಬಾಗಿಲು ದಡಾರನೆ ಹಾಕಿಕೊಂಡಳು.

ನಿಶ್ಚಿತಾರ್ಥಕ್ಕೆ ಉಳಿದದ್ದು ಒಂದು ವಾರ ಚಿಲ್ಲರೆ. ದೊಡ್ಡಮ್ಮನ ಮನೆಯವರಿಗೆ ಹೇಳಿ ಆಗಿತ್ತು, ಹುಡುಗನ ತಾಯಿ ತಂದೆ ರಜೆ ಹಾಕಿದ್ದರು, ಬಾಡಿಗೆ ಕುರ್ಚಿಗೆ ಮುಂಗಡ ಹೋಗಿತ್ತು. ಇಂಥ ಹೊತ್ತಿನಲ್ಲಿ ಇಡೀ ಮನೆ ಒಂದು ಕಲ್ಲು ಹುಡುಕಲು ಹೊರಟಿತು. ಅತ್ತೆಯ ಗುಂಡಿ ಡಬ್ಬಿಗಳು ಎಷ್ಟಿವೆ ಎಂದು ನನಗೆ ಗೊತ್ತಾದದ್ದು ಆಗ. ನನ್ನ ಗಂಡ ಎಲ್ಲವನ್ನೂ ಚಾಪೆಯ ಮೇಲೆ ಸುರಿದ. ಹೊಳೆಯುವ ಗುಂಡಿ ಕಂಡಾಗಲೆಲ್ಲ ಅಜ್ಜಿ ಸಿಕ್ಕಿತು ಎನ್ನುತ್ತಿದ್ದರು. ಅಕ್ಕಿ ಡಬ್ಬಿ, ಹಾಸಿಗೆಯ ಕೆಳಗೆ, ಸೂಜಿಗಳನ್ನು ಚುಚ್ಚಿಡುವ ದಿಂಬು ಯಾವುದನ್ನೂ ಬಿಡಲಿಲ್ಲ. ಮೊಂಡಿ ದಿಂಬಿನ ಹೊಟ್ಟೆ ಬಗೆದಳು, ಒಳಗಿದ್ದದ್ದು ಹಳೇ ಹತ್ತಿ. ಇದೆಲ್ಲ ನಡೆಯುವಾಗ ಅತ್ತೆ ಕಿಟಕಿಯ ಬೆಳಕಿನಲ್ಲಿ ಕೂತು ಯಾರದೋ ಅಂಗಿಯ ಅಂಚನ್ನು ಕೈಯಲ್ಲಿ ಹೊಲಿಯುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಸರಿಯಾಗಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿ ಅತ್ತೆ ಎಂದು ನಾನು ಕಾಲಿಗೊಂದು ಬೀಳಲಿಲ್ಲ. ಹೇಳಿಯಾಯಿತು, ಕೇಳಿಸಿಕೊಳ್ಳದವರಿಗೆ ಎರಡನೇ ಸಲ ಹೇಳುವುದಿಲ್ಲ ಎಂದರು. ಮೊಂಡಿ ಯಾರನ್ನು ಹೋಲುತ್ತಾಳೆ ಎಂದು ಇನ್ನು ಯಾರೂ ನನ್ನನ್ನು ಕೇಳಬೇಕಾಗಿಲ್ಲ.

ಮಾರನೆಯ ಮಧ್ಯಾಹ್ನ ನಾನು ಗೌನಿಗೆ ಇಸ್ತ್ರಿ ಹಾಕುತ್ತಿದ್ದೆ. ನಿಶ್ಚಿತಾರ್ಥ ನಡೆಯಲಿ ಬಿಡಲಿ, ಬಟ್ಟೆ ಸುಕ್ಕಾಗಿರಬಾರದು ಎನ್ನುವ ಮನೆ ನಮ್ಮದು. ಒಳಮೈ ಹೊರಗೆ ಬರುವಂತೆ ತಿರುಗಿಸಿ, ಪಕ್ಕದ ಹೊಲಿಗೆಯ ಮೇಲೆ ಇಸ್ತ್ರಿ ಜಾರಿಸಿದಾಗ ಏನೋ ತಡೆಯಿತು. ಆ ಜಾಗದಲ್ಲಿ ಹೆಚ್ಚುವರಿ ಗುಂಡಿ ಹೊಲಿದಿರುತ್ತಾರೆ, ಬೆನ್ನಿನ ಗುಂಡಿ ಬಿದ್ದುಹೋದರೆ ಇರಲಿ ಎಂದು. ಗುಂಡಿ ಇತ್ತು. ಅದರ ಪಕ್ಕದಲ್ಲಿ ಅದೇ ತಿಳಿಹಸಿರು ಬಟ್ಟೆಯ ಬೆರಳುಗುರಿನಷ್ಟು ಚಿಕ್ಕ ಚೀಲ, ನಾಲ್ಕೂ ಕಡೆ ಸಣ್ಣ ಹೊಲಿಗೆ. ನಾನು ಒಂದು ಎಳೆ ಬಿಚ್ಚಿದೆ. ಇಸ್ತ್ರಿ ಮೇಜಿನ ಮೇಲೆಲ್ಲ ಬಣ್ಣ ಬಿತ್ತು.

ಗಿರಾಕಿಯ ವಸ್ತು ಗಿರಾಕಿಗೆ. ನನಗೆ ಹೊಳೆಯಬೇಕಿತ್ತು. ಅಷ್ಟು ವರ್ಷ ಜೊತೆಗಿದ್ದು ನನಗೇ ಹೊಳೆಯಲಿಲ್ಲ.

ಮೊಂಡಿ ಕಲ್ಲನ್ನು ಭೂತಗನ್ನಡಿಯ ಕೆಳಗೆ ಓರೆ ಮಾಡಿ ನೋಡಿ, ತನ್ನದೇ ಎಂದು ಖಾತ್ರಿ ಮಾಡಿಕೊಂಡಳು. ಸಿಟ್ಟು ಇಳಿದಿರಲಿಲ್ಲ, ಆದರೆ ಅದರ ಮೊನೆ ಸ್ವಲ್ಪ ಮೊಂಡಾಗಿತ್ತು. ಮುಚ್ಚಿಟ್ಟು ಕೂರುವುದು ತನ್ನಿಂದಾಗದು ಎಂದು ಹುಡುಗನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಸಂಜೆ ಕೆಲಸದ ಬಟ್ಟೆಯಲ್ಲೇ ಬಂದ. ನಗುತ್ತಾನೆ ಎಂದು ನನಗೊಂದು ಆಸೆಯಿತ್ತು. ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಅತ್ತೆಯ ಎದುರಿನ ಸ್ಟೂಲಿನ ಮೇಲೆ ಕೂತ.

"ಅಮ್ಮ, ನಾನು ಕೊಟ್ಟಿದ್ದು ಸಾಲಲ್ಲ ಅಂತ ಅನ್ನಿಸ್ತಾ ನಿಮಗೆ?"

ಅತ್ತೆ ಇಷ್ಟು ದಿನ ಮಗಳ ಜೊತೆ ಜಗಳವಾಡಿದ್ದರೇ ಹೊರತು, ಈ ಜಗಳದಲ್ಲಿ ಇವನೊಬ್ಬನಿದ್ದಾನೆ ಎಂದು ಅವರಿಗೆ ತೋಚಿರಲೇ ಇಲ್ಲ ಎಂದು ಕಾಣುತ್ತದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು.

"ನಿನಗೋಸ್ಕರ ಅಲ್ಲಪ್ಪ," ಎಂದರು. "ನಮ್ಮಕ್ಕನ ಬಾಯಿಗೆ ಹೆದರಿ."

"ಹಾಗಾದ್ರೆ ಅವರ ಬೆರಳಿಗೆ ಹಾಕಬೇಕಿತ್ತು," ಎಂದು ಒಳಗಿನಿಂದ ಅಜ್ಜಿ. ಈ ಮಾತು ಮಾತ್ರ ಒಂದಕ್ಷರವೂ ಜಾರದೆ ಬಂತು.

ಹುಡುಗ ನೆಲದ ಮೇಲಿನ ನಾಲ್ಕು ಗುರುತುಗಳನ್ನು ನೋಡಿದ. ಆ ಮೆಷಿನ್ ಯಾರ ಹತ್ತಿರ ಇದೆ ಎಂದು ಕೇಳಿದ. ಅತ್ತೆ ಬೇಡ ಬೇಡ ಎಂದರು. ವಜ್ರ ವಾಪಸು ಕೊಟ್ಟು ಆ ಹಣದಲ್ಲಿ ಬಿಡಿಸಿಕೊಂಡು ಬರೋಣ, ಕೈಯಲ್ಲಿ ಹೊಲಿದು ಹೊಲಿದು ನಿಮ್ಮ ಕತ್ತು ಹೋಗುತ್ತದೆ ಎಂದ. ಅವನು ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

ಅದೇನೂ ಸುಲಭಕ್ಕೆ ಮುಗಿಯಲಿಲ್ಲ. ಚಿನ್ನದ ಕೆಲಸದವನು ವಜ್ರ ವಾಪಸು ತೆಗೆದುಕೊಳ್ಳಲು ಮುಖ ಸಿಂಡರಿಸಿ, ಕೂಲಿ ಮುರಿದುಕೊಂಡೇ ಒಪ್ಪಿದ. ಮೊಂಡಿಯ ಕಲ್ಲನ್ನು ಮತ್ತೆ ಕೂರಿಸುವಾಗ ಅವಳು ಅಂಗಡಿಯಿಂದ ಕದಲಲಿಲ್ಲ, ಭೂತಗನ್ನಡಿ ಹಿಡಿದು ಅವನ ಕೈಯನ್ನೇ ಕಾಯುತ್ತಾ ಕೂತಿದ್ದಳಂತೆ. ಪೇಟೆಯ ಟೈಲರಂತೂ ಮೆಷಿನ್ ಕೊಡಲು ಕೊಸರಾಡಿ, ಕೊಟ್ಟ ಬೆಲೆಯ ಮೇಲೆ ಇನ್ನಷ್ಟು ಕಿತ್ತುಕೊಂಡ. ನನ್ನ ಗಂಡ ಆ ವ್ಯವಹಾರದ ವಿಷಯ ಎತ್ತಿದರೆ ಈಗಲೂ ಹಲ್ಲು ಕಡಿಯುತ್ತಾನೆ. ಅಂತೂ ಮಾವನ ಫಳಫಳಿಸುವ ವ್ಯಾನಿನಲ್ಲಿ ಮೆಷಿನ್ ಮನೆಗೆ ಬಂತು. ಹುಡುಗನೂ ನನ್ನ ಗಂಡನೂ ಹೊತ್ತು ತಂದು, ಆ ನಾಲ್ಕು ಗುರುತುಗಳ ಮೇಲೆ ಸರಿಯಾಗಿ ಕೂರಿಸಿದರು.

ಅತ್ತೆ ಸೆರಗಿನಿಂದ ಮೆಷಿನ್ ಒರೆಸಿ, ಒಂದು ಬಟ್ಟೆಚೂರು ಕೊಟ್ಟು, ಕೆಳಗೆ ಪೆಡಲಿನ ಮೇಲೆ ಕಾಲಿಟ್ಟರು. ಮೆಷಿನ್ ಹುಚ್ಚು ಹಿಡಿದಂತೆ ಓಡಿ ಬಟ್ಟೆಯನ್ನು ನುಂಗಿಹಾಕಿತು. ಅತ್ತೆ ಬಗ್ಗಿ ನೋಡಿದರು. ಅವರ ಹಳೆಯ ಕಬ್ಬಿಣದ ಪೆಡಲು ಇರಲಿಲ್ಲ. ಅವರ ಹಿಮ್ಮಡಿಗೆ ಒಂದು ಮೂಲೆ ಸವೆದು, ಮೇಲೆ ಹಳೇ ಬಟ್ಟೆ ಸುತ್ತಿದ್ದ ಪೆಡಲು ಅದು. ಅದರ ಜಾಗದಲ್ಲಿ ಹೊಚ್ಚ ಹೊಸ ಕರಿ ಪೆಡಲು ಇತ್ತು.

"ನನ್ನ ಪೆಡಲ್ ಎಲ್ಲಿ?"

ನನ್ನ ಗಂಡ ತಲೆ ಕೆರೆದುಕೊಂಡ. ಹಳೆಯದು ಸವೆದಿತ್ತು ಎಂದು ಆ ಟೈಲರು ಹೊಸದು ಹಾಕಿದ್ದಾನಂತೆ, ಒಳ್ಳೆ ಕಂಪನಿಯದೇ, ಅದಕ್ಕೇ ಹೆಚ್ಚು ಹಣ ಕೇಳಿದ್ದು ಎಂದ.

"ಒಳ್ಳೇದು ಯಾರಿಗೆ ಬೇಕಿತ್ತು?" ಅತ್ತೆಯ ದನಿ ಏರಿತು. "ನನ್ನ ಕಾಲಿಗೆ ಒಗ್ಗಿದ್ದು ಅದು. ನನ್ನನ್ನ ಒಂದು ಮಾತು ಕೇಳ್ದೆ ಅವನು ಅದು ಹೇಗೆ..."

ಅಲ್ಲಿಗೆ ನಿಂತರು. ಮೊಂಡಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಒಂದು ಮಾತು ಆಡಿದ್ದರೂ ಸಾಕಿತ್ತು, ಮತ್ತೆ ಎರಡು ತಿಂಗಳ ಜಗಳ ಶುರುವಾಗುತ್ತಿತ್ತು. ಹುಟ್ಟಿದಾರಭ್ಯ ಮೊದಲ ಸಲ ಅವಳು ಸುಮ್ಮನಿದ್ದಳು. ಅತ್ತೆ ಮೆಷಿನ್‌ನಿಂದ ಬಟ್ಟೆಚೂರನ್ನು ಬಿಡಿಸಿಕೊಳ್ಳುತ್ತಾ, ಬಿಡಿಸಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ, ಊಟಕ್ಕೆ ಏನು ಮಾಡಿದ್ದೀಯ ಎಂದು ನನ್ನನ್ನು ಕೇಳಿದರು.

ಮರುದಿನ ಹುಡುಗ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆ ಟೈಲರನ ಗುಜರಿ ರಾಶಿಯಿಂದ ಹಳೇ ಪೆಡಲು ಹುಡುಕಿ ತಂದು, ಜೋಡಿಸಿಕೊಟ್ಟು ಹೋದ. ಅತ್ತೆ ಅವನಿಗೆ ಟೀ ಮಾಡಿಕೊಟ್ಟರು. ನಾನು ಈ ಮನೆಗೆ ಬಂದು ಇಷ್ಟು ವರ್ಷಕ್ಕೆ ಅತ್ತೆ ತಾವೇ ಒಲೆ ಹಚ್ಚಿದ್ದು ಬಹಳ ಕಡಿಮೆ. ಅಂದಿನಿಂದ ಲಿಫ್ಟಿನವನು ಎನ್ನುವ ಮಾತು ಮನೆಯಲ್ಲಿ ಕೇಳಲಿಲ್ಲ.

ನಿಶ್ಚಿತಾರ್ಥದ ದಿನ ಮುಂದಿನ ಕೋಣೆಯ ಮೆಷಿನ್‌ಗಳಿಗೆ ಹೊದಿಕೆ ಹೊದಿಸಿ ಬಾಡಿಗೆ ಕುರ್ಚಿ ಹಾಕಿದ್ದೆವು. ತಿಳಿಹಸಿರು ಗೌನಿನಲ್ಲಿ ಮೊಂಡಿ ಚೆನ್ನಾಗಿ ಕಂಡಳು. ಉಂಗುರ ಬೆರಳಿಗೇರಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಕಣ್ಣೊರೆಸಿಕೊಂಡು ವ್ಯಾನಿನ ಕಡೆ ಹೊರಟ ಮಾವನನ್ನು ನನ್ನ ಗಂಡ ಹಿಡಿದು ನಿಲ್ಲಿಸಿದ. ಯಾರಾದರೂ ಕಲ್ಲಿನ ಬಗ್ಗೆ ಕೇಳಿದರೆ ನಕ್ಕು ಸುಮ್ಮನಾಗಿಬಿಡೋಣ ಎಂದು ನಾನೇ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೆ. ಇನ್ನೊಂದು ಸುತ್ತು ಬೇಳೆ ಬೇಯಿಸಿ ಜಗಳ ಕೇಳುವ ಶಕ್ತಿ ನನಗಿರಲಿಲ್ಲ.

ಊಟದ ಹೊತ್ತಿಗೆ ದೊಡ್ಡಮ್ಮ ಮೊಂಡಿಯ ಕೈಯನ್ನು ತಮ್ಮ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡರು. ಹೊರಳಿಸಿ ಹೊರಳಿಸಿ ನೋಡಿದರು. "ವಜ್ರ ಭಾರಿ ಹೊಳೆಯತ್ತೆ ಕಣೇ," ಎಂದು ತಂಗಿಗೆ ಹೇಳಿದರು. "ನಮ್ಮವಳದ್ದು ಇಷ್ಟಿಲ್ಲ. ಎಲ್ಲಿ ತಗೊಂಡ್ರಿ?"

ಅತ್ತೆ ಎರಡು ತಿಂಗಳು ಕಾದದ್ದು ಈ ಒಂದು ಮಾತಿಗೆ. ಹೂಂ ಎಂದರೆ ಸಾಕಿತ್ತು. ಏನೂ ಅನ್ನದಿದ್ದರೂ ಸಾಕಿತ್ತು. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ಮೊಂಡಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ವಜ್ರ ಅಲ್ಲಕ್ಕ," ಎಂದರು ಅತ್ತೆ. "ಮೊಯ್ಸನೈಟ್."

ಒಂದಕ್ಷರ ತಪ್ಪಲಿಲ್ಲ. ಯಾವಾಗ ಕಲಿತರೋ.

ದೊಡ್ಡಮ್ಮ ಮೊಂಡಿಯ ಕೈ ಬಿಟ್ಟರು. "ಅಯ್ಯೋ, ಇರೋ ಒಬ್ಬಳೇ ಮಗಳು. ವಜ್ರಾನೇ ಹಾಕ್ಸೋದಲ್ವಾ?"

ಅತ್ತೆ ಅನ್ನಕ್ಕೆ ಮೊಸರು ಹಾಕಿಕೊಂಡು ನಿಧಾನವಾಗಿ ಕಲಸಿದರು.

"ಹಾಕ್ಸಿದ್ದೆ," ಎಂದರು. "ಮೋಸ ಅಂತ ತೆಗೆಸಿದಳು."